ರಕ್ತನಾಳಕ್ಕೊಂದು ಪಾತಾಳಗರಡಿ



ಈ ಉಪನ್ಯಾಸ ನಡೆಸುವ ದತ್ತಿಯ ಪತ್ರದಲ್ಲಿ ಮೂರು ಷರತ್ತುಗಳಿವೆಯಂತೆ. ಉಪನ್ಯಾಸ ವಿಜ್ಞಾನದ್ದಾಗಿರಬೇಕು, ಕನ್ನಡದಲ್ಲಿರಬೇಕು, ಶಾಲೆಗೆ ಹೋಗದವರಿಗೂ ತಿಳಿಯುವಂತಿರಬೇಕು. ಮೊದಲೆರಡಕ್ಕೆ ನಾನು ಒಪ್ಪಿಬಿಟ್ಟೆ. ಮೂರನೆಯದಕ್ಕೆ ನಮ್ಮಜ್ಜಿಯ ಮನೆಯ ಬಾವಿಯ ನೆರವು ಬೇಕು.

ಅದು ಸೇದುವ ಬಾವಿ. ಹಗ್ಗ ಹರಿದೋ ಗಂಟು ಸಡಿಲಾಗಿಯೋ ಕೊಡ ಒಳಗೆ ಬಿದ್ದರೆ ಪಾತಾಳಗರಡಿ ತರಬೇಕು. ಊರಿಗೆಲ್ಲ ಇದ್ದದ್ದು ಒಂದೇ, ಶಾನುಭೋಗರ ಮನೆಯಲ್ಲಿ. ಕಬ್ಬಿಣದ ಒಂದು ಬಳೆ, ಬಳೆಯ ಸುತ್ತ ಜೋತುಬಿದ್ದ ಕೊಕ್ಕೆಗಳು. ತರಲು ಹೋದವರು ಹಿತ್ತಾಳೆ ಚೊಂಬೊಂದನ್ನು ಅಲ್ಲಿ ಒತ್ತೆಯಿಟ್ಟು ಬರಬೇಕು, ಇಲ್ಲದಿದ್ದರೆ ಗರಡಿ ವಾಪಸು ಬರುವುದಿಲ್ಲವೆಂದು ಶಾನುಭೋಗರಿಗೆ ಗೊತ್ತಿತ್ತು. ಅಜ್ಜಿ ಅದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಬಾವಿಯೊಳಗೆ ನೋಡುತ್ತಲೇ ಇರಲಿಲ್ಲ. ಎಲ್ಲೋ ನೋಡುತ್ತಾ ಹಗ್ಗವನ್ನು ಬೆರಳಲ್ಲಿ ಆಡಿಸುತ್ತಿದ್ದಳು. ನಾನು ಅವಸರ ಮಾಡಿದರೆ, "ಎಳೀಬೇಡ್ವೋ, ಮೊದಲು ಸಿಕ್ಕಿದೆಯಾ ನೋಡು" ಅನ್ನುತ್ತಿದ್ದಳು. ಮೂವತ್ತು ವರ್ಷವಾದ ಮೇಲೆ, ಸೀಸದ ಏಪ್ರನ್ ತೊಟ್ಟು, ಎಕ್ಸ್‌ರೇ ಪರದೆಯ ಮುಂದೆ ನಿಂತು, ನನ್ನ ಕೈಕೆಳಗಿನ ಹುಡುಗರಿಗೆ ನಾನು ಹೇಳುತ್ತಿರುವುದೂ ಅದೇ ಮಾತು.

ನಾನು ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್. ಇದಕ್ಕೆ ಕನ್ನಡದಲ್ಲಿ ಇನ್ನೂ ಹೆಸರು ನಿಂತಿಲ್ಲ. ನಮ್ಮತ್ತೆ ನೆಂಟರಿಗೆ "ಎಕ್ಸ್‌ರೇ ನೋಡ್ಕೊಂಡು ತಂತಿ ಹಾಕೋ ಡಾಕ್ಟ್ರು" ಎಂದು ಪರಿಚಯಿಸುತ್ತಾರೆ. ಅದಕ್ಕಿಂತ ಒಳ್ಳೆಯ ವ್ಯಾಖ್ಯೆಯನ್ನು ನಾನು ಪಠ್ಯಪುಸ್ತಕದಲ್ಲೂ ಕಂಡಿಲ್ಲ. ರಕ್ತನಾಳದೊಳಗೆ ಸೇರಬಾರದ ವಸ್ತು ಸೇರಿದಾಗ, ಎದೆ ಸೀಳದೆ, ಸೂಜಿ ಚುಚ್ಚಿದಷ್ಟು ತೂತಿನಿಂದ ಅದನ್ನು ಹೊರಗೆ ತರುವ ಕೆಲಸವೂ ನಮ್ಮ ಪಾಲಿಗೆ ಬರುತ್ತದೆ. ಇವತ್ತಿನ ಮಾತು ಅದರ ಬಗ್ಗೆ.

ಮೊದಲು ಒಂದು ಭಯ ಕಳೆಯಬೇಕು. ಕಾಲಿಗೆ ಸೂಜಿ ಚುಚ್ಚಿ ಮುರಿದರೆ ಅದು ರಕ್ತದಲ್ಲಿ ಹರಿದು ಹೃದಯಕ್ಕೆ ಹೋಗುತ್ತದೆ ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರೆ. ಹೊಲಿಗೆ ಸೂಜಿ ಸಾಮಾನ್ಯವಾಗಿ ಮಾಂಸದಲ್ಲೋ ಕೊಬ್ಬಿನಲ್ಲೋ ಸಿಕ್ಕಿಕೊಂಡು ಅಲ್ಲೇ ಕೂರುತ್ತದೆ. ಆದರೆ ಭಯ ಪೂರ್ತಿ ಸುಳ್ಳೂ ಅಲ್ಲ. 1834ರಲ್ಲಿ ಥಾಮಸ್ ಡೇವಿಸ್ ಎಂಬ ಇಂಗ್ಲಿಷ್ ಸರ್ಜನ್ ಒಬ್ಬ ಹುಡುಗನ ಪ್ರಕರಣ ಬರೆದಿದ್ದಾನೆ. ಹುಡುಗನಿಗೆ ಹತ್ತು ವರ್ಷ. ತಾನೇ ಮಾಡಿಕೊಂಡ ಆಟದ ಕೋವಿ ಸಿಡಿದು ಮರದ ಕಡ್ಡಿಯೊಂದು ಎದೆಗೆ ಹೊಕ್ಕಿತು. ನಡೆದುಕೊಂಡೇ ಮನೆಗೆ ಹೋದ, ಸುಮಾರು ಐದು ವಾರ ಬದುಕಿದ. ಸತ್ತ ಮೇಲೆ ನೋಡಿದರೆ ಕಡ್ಡಿ ಹೃದಯದ ಬಲ ಕೋಣೆಯಲ್ಲಿತ್ತು. ಹೃದಯದ ಗೋಡೆಯಲ್ಲಿ ಗಾಯವೇ ಇರಲಿಲ್ಲ. ದೊಡ್ಡ ರಕ್ತನಾಳಕ್ಕೆ ನುಗ್ಗಿದ ಕಡ್ಡಿಯನ್ನು ರಕ್ತವೇ ಅಲ್ಲಿಗೆ ಹೊತ್ತೊಯ್ದಿರಬೇಕು ಎಂದು ಡೇವಿಸ್ ಊಹಿಸಿದ.

ಇಲ್ಲಿ ಒಂದು ಪದದ ತಕರಾರು ಬಗೆಹರಿಸಿಕೊಳ್ಳೋಣ. ಪಠ್ಯದಲ್ಲಿ ಅಭಿಧಮನಿ, ಅಪಧಮನಿ ಅಂತ ಇದೆ. ಎರಡೂ ಕಿವಿಗೆ ಒಂದೇ ಥರ ಕೇಳುತ್ತವೆ. ಪರೀಕ್ಷೆಯಲ್ಲಿ ನಾನೇ ಒಮ್ಮೆ ಅದಲುಬದಲು ಮಾಡಿದ್ದೆ. ನಮ್ಮ ಜನ ಕೈಮೇಲೆ ಕಾಣುವ ನೀಲಿ ನಾಳಕ್ಕೆ 'ನರ' ಅನ್ನುತ್ತಾರೆ, 'ನರದ ಇಂಜೆಕ್ಷನ್' ಅನ್ನುತ್ತಾರೆ. ಶಾಸ್ತ್ರದ ಪ್ರಕಾರ ತಪ್ಪು, ಆದರೆ ರೋಗಿಯ ಜೊತೆ ಮಾತಾಡುವಾಗ ನಾನು ಅದನ್ನೇ ಬಳಸುತ್ತೇನೆ. ಈ ನೀಲಿ ನಾಳಗಳು, ಅಂದರೆ ಅಭಿಧಮನಿಗಳು, ಎಲ್ಲ ಹಳ್ಳ ಹೊಳೆಗೆ ಸೇರುವ ಹಾಗೆ ಕೂಡಿಕೊಳ್ಳುತ್ತಾ ಹೃದಯದ ಬಲಭಾಗಕ್ಕೆ ಬರುತ್ತವೆ. ಅಲ್ಲಿಂದ ಮುಂದೆ ಶ್ವಾಸಕೋಶ. ಹಾಗಾಗಿ ಕೈನರದಲ್ಲಿ ತುಂಡಾದದ್ದು ಬಲ ಹೃದಯದಲ್ಲೋ ಶ್ವಾಸಕೋಶದ ನಾಳದಲ್ಲೋ ಸಿಗುತ್ತದೆ. ಅಲ್ಲಿ ಹೃದಯದ ತಾಳ ತಪ್ಪಿಸಬಹುದು, ಗೋಡೆ ಚುಚ್ಚಬಹುದು, ಸುತ್ತ ರಕ್ತ ಹೆಪ್ಪುಗಟ್ಟಬಹುದು, ಸೋಂಕಿಗೆ ಗೂಡಾಗಬಹುದು. ಅಪಧಮನಿಯಲ್ಲಿ ತುಂಡಾದರೆ ದಾರಿ ತಿರುವುಮುರುವು: ಹೃದಯದಿಂದ ದೂರ, ಕಾಲಿಗೋ ಕರುಳಿಗೋ ಮಿದುಳಿಗೋ.

ಹಾಗಾದರೆ ಒಳಗೆ ಸೇರುವ ವಸ್ತುಗಳು ಎಲ್ಲಿಂದ ಬರುತ್ತವೆ? ಬಂದೂಕಿನ ಗುಂಡು ಅಪರೂಪಕ್ಕೆ. ಉಳಿದಂತೆ ಹೆಚ್ಚಿನವು ನಾವು, ಅಂದರೆ ವೈದ್ಯರು, ಹಾಕಿದವು. ಈ ಉಪನ್ಯಾಸದಲ್ಲಿ ನಾನು ಹೇಳಬೇಕೆಂದು ಬಂದದ್ದು ಮುಖ್ಯವಾಗಿ ಇದೇ. ಉಳಿದದ್ದೆಲ್ಲ ಇದಕ್ಕೆ ವಿವರ.

ಹೃದಯದವರೆಗೆ ಕೊಳವೆ ತೂರಿಸಬಹುದು ಎಂದು ತೋರಿಸಿದವನು ಜರ್ಮನಿಯ ವೆರ್ನರ್ ಫೋರ್ಸ್‌ಮನ್. 1929, ಬರ್ಲಿನ್ ಹತ್ತಿರದ ಎಬರ್ಸ್‌ವಾಲ್ಡೆ ಎಂಬ ಊರು. ಮೂತ್ರನಾಳಕ್ಕೆ ಹಾಕುವ ಕೊಳವೆಯನ್ನು ತನ್ನದೇ ತೋಳಿನ ನರಕ್ಕೆ 65 ಸೆಂಟಿಮೀಟರ್ ತೂರಿಸಿಕೊಂಡು, ಮೆಟ್ಟಿಲಿಳಿದು ಎಕ್ಸ್‌ರೇ ಕೋಣೆಗೆ ನಡೆದುಹೋದ. 1956ರಲ್ಲಿ ನೊಬೆಲ್ ಬಂತು. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಸಾಹಸ ಇದೆಯಲ್ಲ. ನನಗೆ ಅದಕ್ಕಿಂತ ಹೆಚ್ಚು ಇಷ್ಟವಾದದ್ದು ಸಾಹಸವೇ ಇಲ್ಲದ ಇನ್ನೊಂದು ಕಥೆ.

ಸ್ವೆನ್ ಈವರ್ ಸೆಲ್ಡಿಂಗರ್, ಸ್ವೀಡನ್ನಿನವರು. ಆಗ ಅವರ ಮುಂದಿದ್ದ ತೊಡಕು ಇದು: ಸೂಜಿಯ ಒಳಗಿಂದ ಕೊಳವೆ ತೂರಿಸಬೇಕಾದರೆ ಸೂಜಿ ಕೊಳವೆಗಿಂತ ದಪ್ಪ ಇರಬೇಕು. ದಪ್ಪ ಸೂಜಿ ಚುಚ್ಚಿದರೆ ನಾಳಕ್ಕೆ ದೊಡ್ಡ ಗಾಯ, ಒಳಗೆ ಹೋಗುವ ಕೊಳವೆ ಮಾತ್ರ ಸಣ್ಣದು. ಒಂದು ದಿನ ಪ್ರಯತ್ನ ಸೋತು, ಕೈಯಲ್ಲಿ ಸೂಜಿ, ತಂತಿ, ಕೊಳವೆ ಹಿಡಿದು ಸಪ್ಪಗೆ ನಿಂತಿದ್ದಾಗ ಅವುಗಳನ್ನು ಯಾವ ಕ್ರಮದಲ್ಲಿ ಬಳಸಬೇಕೆಂದು ತಟ್ಟನೆ ಹೊಳೆಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಸೂಜಿ ಒಳಗೆ. ಸೂಜಿಯೊಳಗಿಂದ ತಂತಿ ಒಳಗೆ. ಸೂಜಿ ಹೊರಗೆ. ತಂತಿಯ ಮೇಲೆ ಕೊಳವೆ ಒಳಗೆ. ತಂತಿ ಹೊರಗೆ. ಇಷ್ಟೇ. 1953ರಲ್ಲಿ ಪ್ರಕಟಿಸಿದಾಗ ಅವರಿಗೆ ಮೂವತ್ತೆರಡು ವರ್ಷ. ಡಾಕ್ಟರೇಟಿಗೆ ಇಷ್ಟು ಸಣ್ಣ ವಿಷಯ ಸಾಲದು ಎಂದು ಮೇಲಿನವರು ಹೇಳಿದ್ದರಿಂದ ಅವರು ಬೇರೆ ವಿಷಯದ ಮೇಲೆ ಪ್ರಬಂಧ ಬರೆಯಬೇಕಾಯಿತು. ಇವತ್ತು ಜಗತ್ತಿನ ಯಾವ ಐಸಿಯುಗೆ ಹೋದರೂ ಆ ಸಣ್ಣ ವಿಷಯದಿಂದಲೇ ಕೆಲಸ ನಡೆಯುತ್ತದೆ.

ಅದೇ ಕ್ರಮದಲ್ಲಿ ಒಂದು ಅಪಾಯವೂ ಇದೆ. ತಂತಿಯ ಮೇಲೆ ಕೊಳವೆ ತಳ್ಳುವಾಗ ತಂತಿಯ ಹಿಂತುದಿಯನ್ನು ಹಿಡಿದಿರಬೇಕು. ಮರೆತರೆ ಕೊಳವೆಯ ಜೊತೆ ತಂತಿಯೂ ಒಳಗೆ ಹೋಗುತ್ತದೆ. ಲಂಗದ ಲಾಡಿಯ ಒಂದು ತುದಿ ನೇಫದೊಳಗೆ ಸರಿದುಬಿಟ್ಟಾಗ ಏನಾಗುತ್ತದೆಂದು ಇಲ್ಲಿರುವ ಹೆಣ್ಣುಮಕ್ಕಳಿಗೆ ಗೊತ್ತು. ಅಲ್ಲಿ ಸೇಫ್ಟಿ ಪಿನ್ನು ಸಾಕು, ಇಲ್ಲಿ ಸಾಲದು.

ನನ್ನದೇ ಒಂದು ರಾತ್ರಿ ಹೇಳುತ್ತೇನೆ. ಪಿಜಿ ಎರಡನೇ ವರ್ಷ. ಯಾವ ಆಸ್ಪತ್ರೆ ಎಂದು ಕೇಳಬೇಡಿ. ಬೆಳಗಿನ ಜಾವ ಮೂರು ಗಂಟೆ, ಬಿಪಿ ಬಿದ್ದುಹೋಗಿರುವ ರೋಗಿ, ಕತ್ತಿನ ನರಕ್ಕೆ ಲೈನ್ ಹಾಕಬೇಕು. ಸೂಜಿ ಹೋಯಿತು, ತಂತಿ ಹೋಯಿತು, ಕೊಳವೆ ಏರಿಸುತ್ತಿದ್ದೆ. ಅಷ್ಟರಲ್ಲಿ ಪಕ್ಕದ ಬೆಡ್ಡಿನ ಅಲಾರಂ ಹೊಡೆಯಿತು, ತಲೆ ಎತ್ತಿ ನೋಡಿದೆ. "ತಂತಿ ಎಲ್ಲಿ ಡಾಕ್ಟ್ರೇ?" ಅಂದರು ಸಿಸ್ಟರ್. ಬಗ್ಗಿದರೆ ಕೊಳವೆಯ ಹಿಂಬಾಯಿಯಲ್ಲಿ ಎರಡು ಬೆರಳಗಲ ಮಾತ್ರ ಉಳಿದಿತ್ತು. ನಾನು ಕೈ ಹಾಕುವ ಮೊದಲೇ ಅವರು ಆರ್ಟರಿ ಫೋರ್ಸೆಪ್ಸಿನಿಂದ ಅದನ್ನು ಕಚ್ಚಿ ಹಿಡಿದಿದ್ದರು. ಆಮೇಲೆ ಒಂದು ಮಾತೂ ಆಡಲಿಲ್ಲ, ಚಹಾ ತರಿಸಿಕೊಟ್ಟರು. ನಾನು ತಪ್ಪಿಸಿಕೊಂಡೆ. ತಪ್ಪಿಸಿಕೊಳ್ಳದ ಹುಡುಗರು ಪ್ರತಿ ದೇಶದಲ್ಲೂ ಇದ್ದಾರೆ. ಮರುದಿನದ ಎಕ್ಸ್‌ರೇಯಲ್ಲಿ ತಂತಿ ಕಂಡರೂ, ಅದು ಮೈಮೇಲಿನ ಮಾನಿಟರ್ ವೈರ್ ಇರಬೇಕೆಂದು ಓದಿದವರು ಮುಂದೆ ಹೋಗುವುದುಂಟು.

1954ರಲ್ಲಿ ಅಮೆರಿಕದ ಇಬ್ಬರು ವೈದ್ಯರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ನಿನಲ್ಲಿ ಒಂದು ಪ್ರಕರಣ ವರದಿ ಮಾಡಿದರು. ಮೊಣಕೈ ನರಕ್ಕೆ ಹಾಕಿದ್ದ ಪಾಲಿಥೀನ್ ಕೊಳವೆ ಒಳಗೆ ಜಾರಿ ಬಲ ಹೃತ್ಕರ್ಣ, ಅಂದರೆ ಹೃದಯದ ಬಲಗಡೆಯ ಮೇಲಿನ ಕೋಣೆ, ಸೇರಿತ್ತು. ರೋಗಿ ಉಳಿಯಲಿಲ್ಲ. ಗಿಬ್ಬನ್ ಎಂಬ ಅಮೆರಿಕದ ಸರ್ಜನ್ ಹೃದಯ-ಶ್ವಾಸಕೋಶ ಯಂತ್ರ ಬಳಸಿ ಮೊದಲ ಯಶಸ್ವಿ ಶಸ್ತ್ರಕ್ರಿಯೆ ಮಾಡಿ ಆಗ ಒಂದೇ ವರ್ಷ. ಹೃದಯದೊಳಗಿನ ವಸ್ತು ತೆಗೆಯುವುದೆಂದರೆ ಎದೆಗೂಡು ತೆರೆಯುವುದೇ ಆಗಿತ್ತು.

ಅದು ಬದಲಾದದ್ದು 1964ರಲ್ಲಿ. ಆ ವರ್ಷದ 'ಸರ್ಕ್ಯುಲೇಶನ್' ಪತ್ರಿಕೆಯಲ್ಲಿ ಥಾಮಸ್ ಎಂಬ ವೈದ್ಯರೂ ಸಂಗಡಿಗರೂ ಒಂದು ಸಣ್ಣ ಲೇಖನ ಬರೆದರು. ಹೃತ್ಕರ್ಣದಲ್ಲೂ ಹೊಟ್ಟೆಯ ದೊಡ್ಡ ನಾಳವಾದ ಕೆಳಗಿನ ಮಹಾಸಿರೆಯಲ್ಲೂ ಸಿಕ್ಕಿಕೊಂಡಿದ್ದ ಮುರಿದ ಉಕ್ಕಿನ ಸುರುಳಿ ತಂತಿಯನ್ನು ಶಸ್ತ್ರಕ್ರಿಯೆ ಇಲ್ಲದೆ ತೆಗೆದದ್ದು. ಬಳಸಿದ್ದು ಶ್ವಾಸನಾಳದ ಪರೀಕ್ಷೆಗೆಂದು ಮಾಡಿದ್ದ ಇಕ್ಕುಳ. ನಾಳಕ್ಕೆಂದೇ ಮಾಡಿದ ಸಲಕರಣೆ ಇರಲಿಲ್ಲ, ಕೈಗೆ ಸಿಕ್ಕಿದ್ದನ್ನು ಹಿಡಿದರು. ತೆಗೆದದ್ದೂ ವೈದ್ಯರ ತಂತಿಯ ತುಂಡೇ ಎಂಬುದನ್ನು ಗಮನಿಸಿ.

ಅದೇ 1964ರ ಜನವರಿ 16ರಂದು ಒರೆಗಾನ್‌ನ ಪೋರ್ಟ್‌ಲ್ಯಾಂಡಿನಲ್ಲಿ ಚಾರ್ಲ್ಸ್ ಡಾಟರ್, ಕಾಲು ಕತ್ತರಿಸಲು ಒಪ್ಪದ 82 ವರ್ಷದ ಅಜ್ಜಿಯೊಬ್ಬರ ಕಟ್ಟಿಕೊಂಡ ನಾಳವನ್ನು ತಂತಿ-ಕೊಳವೆಯಿಂದಲೇ ಬಿಡಿಸಿದರು. ಕಾಲು ಉಳಿಯಿತು. ಇವತ್ತಿನ ಆಂಜಿಯೋಪ್ಲಾಸ್ಟಿಯ ಮೂಲ ಅದು. ಡಾಟರ್ ಗಿಟಾರ್ ತಂತಿ ತಂದು ಗೈಡ್‌ವೈರ್ ಮಾಡಿಕೊಳ್ಳುತ್ತಿದ್ದ ಮನುಷ್ಯ. ಸಹೋದ್ಯೋಗಿಗಳು 'ಕ್ರೇಜಿ ಚಾರ್ಲಿ' ಅನ್ನುತ್ತಿದ್ದರು. 1971ರಲ್ಲಿ ಅವರೂ ರೋಶ್ ಮತ್ತು ಬಿಲ್ಬಾವೊ ಎಂಬಿಬ್ಬರೂ ಸೇರಿ, ಹೃದಯ ಮತ್ತು ದೊಡ್ಡ ನಾಳಗಳಿಂದ ಹೀಗೆ ತುಂಡು ತೆಗೆದ ಪ್ರಕರಣಗಳನ್ನೆಲ್ಲ ಒಂದೆಡೆ ತಂದರು. ಒಟ್ಟು 29. ಏಳು ವರ್ಷಕ್ಕೆ ಇಪ್ಪತ್ತೊಂಬತ್ತು.

ತುಂಡು ಹಿಡಿಯಲು ಆಗ ಬಳಸುತ್ತಿದ್ದ ಕುಣಿಕೆ ಸರಳವಾಗಿತ್ತು: ತೆಳು ತಂತಿಯನ್ನು ಮಡಚಿ ಕೊಳವೆಯೊಳಗಿಂದ ತೂರಿಸುವುದು, ಮುಂದೆ ಒಂದು ಕಣ್ಣು ಮಾಡಿಕೊಳ್ಳುವುದು. ಆದರೆ ಅದು ಕೊಳವೆಯ ನೇರಕ್ಕೇ ಚಾಚಿಕೊಳ್ಳುತ್ತಿತ್ತು. ನಾಳದ ಉದ್ದಕ್ಕೆ ಬಿದ್ದಿರುವ ತುಂಡಿನ ಪಕ್ಕದಲ್ಲಿ ಕುಣಿಕೆಯೂ ಉದ್ದಕ್ಕೇ ಮಲಗಿದರೆ ಏನು ಸಿಗುತ್ತದೆ? ಆಸ್ಟ್ರಿಯಾದಲ್ಲಿ ಹುಟ್ಟಿ ಮಿನ್ನೆಸೋಟಾದಲ್ಲಿ ದುಡಿದ ಕರ್ಟ್ ಆಂಪ್ಲಾಟ್ಜ್ ಇದನ್ನು ಸರಿಮಾಡಿದರು. ಅವರ ಕುಣಿಕೆ ಕೊಳವೆಯಿಂದ ಹೊರಬಿದ್ದೊಡನೆ ಲಂಬಕೋನಕ್ಕೆ ಬಾಗಿ ನಾಳದ ಅಡ್ಡಕ್ಕೆ ಅರಳುತ್ತದೆ, ಹೆಬ್ಬಾತಿನ ಕತ್ತಿನ ಹಾಗೆ. ಅದಕ್ಕೇ ಗೂಸ್‌ನೆಕ್ ಸ್ನೇರ್ ಎಂಬ ಹೆಸರು. ಲೋಹ ನಿಟಿನಾಲ್, ಅಂದರೆ ನಿಕ್ಕಲ್ ಮತ್ತು ಟೈಟಾನಿಯಂ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ಕ್ಷಿಪಣಿಗಾಗಿ ಲೋಹ ಹುಡುಕುತ್ತಿದ್ದಾಗ ಸಿಕ್ಕಿದ್ದು. ಸಣ್ಣ ಕೊಳವೆಯಲ್ಲಿ ಹಿಂಡಿಟ್ಟರೂ ಹೊರಗೆ ಬಂದ ಕೂಡಲೇ ತನ್ನ ಆಕಾರಕ್ಕೆ ಮರಳುತ್ತದೆ. ಕಣ್ಣಿನ ಅಗಲ 5 ಮಿಲಿಮೀಟರಿನಿಂದ 35ರವರೆಗೆ ಸಿಗುತ್ತದೆ. ಪರದೆಯ ಮೇಲೆ ಚೆನ್ನಾಗಿ ಕಾಣಲೆಂದು ಚಿನ್ನದ ಲೇಪವಿರುವ ಟಂಗ್‌ಸ್ಟನ್ ತಂತಿ ಸುತ್ತಿರುತ್ತಾರೆ. ಹಿಡಿಯಲು ಚಿನ್ನದ ಬಳೆ ಅಂದುಕೊಳ್ಳಿ.

ಈಗ ಒಂದು ಪ್ರಕರಣವನ್ನು ಹತ್ತಿರದಿಂದ ನೋಡೋಣ.

ತಿಪಟೂರು ಕಡೆಯ ಹೆಣ್ಣುಮಗಳು, ಐವತ್ತರ ಆಸುಪಾಸು. ಸ್ತನ ಕ್ಯಾನ್ಸರಿಗೆ ಕೀಮೋ ಮುಗಿದು ಎರಡು ವರ್ಷ ಆಗಿತ್ತು. ಕೀಮೋ ಕೊಡಲೆಂದು ಎದೆಯ ಚರ್ಮದ ಕೆಳಗೆ ಪೋರ್ಟ್ ಇಟ್ಟಿದ್ದರು. ಪೋರ್ಟ್ ಅಂದರೆ ಕೋಟಿನ ಗುಂಡಿಯಷ್ಟು ದೊಡ್ಡ ಡಬ್ಬಿ, ಅದರಿಂದ ಹೊರಟ ಸಪೂರ ಕೊಳವೆ, ಕೊಳವೆಯ ತುದಿ ಹೃದಯದ ಹೊಸ್ತಿಲಲ್ಲಿ. ಚಿಕಿತ್ಸೆ ಮುಗಿದ ಮೇಲೆ ಯಾರೂ ತೆಗೆಸಲಿಲ್ಲ, "ಇರಲಿ ಬಿಡಿ" ಎಂದು ಇತ್ತು. ಒಂದು ದಿನ ಫ್ಲಶ್ ಮಾಡಲು, ಅಂದರೆ ಸಲೈನ್ ತಳ್ಳಿ ಕೊಳವೆ ತೊಳೆಯಲು, ಹೋದ ನರ್ಸಿಗೆ ರಕ್ತ ಹಿಂದಕ್ಕೆ ಬರಲಿಲ್ಲ. ಸಲೈನ್ ತಳ್ಳಿದರೆ ಈಕೆಗೆ ಕತ್ತಿನ ಬುಡದಲ್ಲಿ ಉರಿ. ಎಕ್ಸ್‌ರೇ ತೆಗೆದರೆ ಡಬ್ಬಿ ಇದ್ದಲ್ಲೇ ಇದೆ, ಕೊಳವೆ ಕೊರಳೆಲುಬಿನ ಹತ್ತಿರ ನಿಂತುಹೋಗಿದೆ. ಉಳಿದ ಭಾಗ ಬಲ ಹೃದಯದ ಮೂಲಕ ಶ್ವಾಸಕೋಶದ ನಾಳದವರೆಗೆ ಚಾಚಿಕೊಂಡಿದೆ.

ಯಾಕೆ ತುಂಡಾಯಿತು ಎಂಬುದಕ್ಕೆ ತಿಪಟೂರಿನವರಿಗೆ ಬೇರೆ ವಿವರಣೆ ಬೇಡ, ಅಡಕತ್ತರಿ ಅಂದರೆ ಸಾಕು. ಕೊರಳೆಲುಬು ಮತ್ತು ಮೊದಲ ಪಕ್ಕೆಲುಬಿನ ನಡುವೆ ಸಣ್ಣ ಸಂದು. ಕೊಳವೆ ಆ ಸಂದಿನಿಂದ ಹಾದರೆ, ಕೈ ಎತ್ತಿ ಇಳಿಸಿದಾಗಲೆಲ್ಲ ಎರಡು ಮೂಳೆ ಅದನ್ನು ಕಚ್ಚುತ್ತವೆ. ತಿಂಗಳುಗಟ್ಟಲೆ ಕಚ್ಚಿದರೆ ಒಂದು ದಿನ ಹೋಳಾಗುತ್ತದೆ. ಕತ್ತಿನ ನರದ ದಾರಿಯಿಂದ ಹಾಕಿದರೆ ಈ ಕಾಟವಿಲ್ಲ.

ಬಲ ತೊಡೆಸಂದಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಅಲ್ಟ್ರಾಸೌಂಡ್ ನೋಡಿಕೊಂಡು ನರಕ್ಕೆ ಸೂಜಿ ಚುಚ್ಚಿದೆವು. ಸೂಜಿ, ತಂತಿ, ಕೊಳವೆ: ಸೆಲ್ಡಿಂಗರರ ಕ್ರಮ. ಈ ಹಾದಿಯ ಕೊಳವೆಯನ್ನು ಬೇಕಾದ್ದಕ್ಕಿಂತ ದಪ್ಪದ್ದೇ ಹಾಕುತ್ತೇವೆ. ಕೊಳವೆಗಳ ದಪ್ಪ ಅಳೆಯುವುದು 'ಫ್ರೆಂಚ್'ನಲ್ಲಿ, ಮೂರು ಫ್ರೆಂಚ್ ಅಂದರೆ ಒಂದು ಮಿಲಿಮೀಟರ್. ಪ್ಯಾರಿಸ್ಸಿನ ಸಲಕರಣೆ ತಯಾರಕ ಶಾರಿಯೇರ್ ಮಾಡಿದ ಅಳತೆ. ತುಂಡನ್ನು ತುದಿಯಲ್ಲಿ ಹಿಡಿದರೆ ನೇರ ಬರುತ್ತದೆ. ನಡುವಿನಲ್ಲಿ ಹಿಡಿದರೆ ಮಡಚಿ ಎರಡರಷ್ಟು ದಪ್ಪವಾಗುತ್ತದೆ, ಆಗ ಸಣ್ಣ ಬಾಗಿಲು ಸಾಲದು.

ಪರದೆಯ ಮೇಲೆ ತುಂಡಿನ ಕೆಳತುದಿ ಪ್ರತಿ ಬಡಿತಕ್ಕೂ ಹೃತ್ಕರ್ಣದಲ್ಲಿ ಬಾಲ ಬಡಿಯುತ್ತಿತ್ತು, ಕೆರೆಯ ದಡದಲ್ಲಿ ಸಿಕ್ಕಿಬಿದ್ದ ಹಾವುಮೀನಿನ ಹಾಗೆ. ಕುಣಿಕೆ ಅರಳಿಸಿದೆ. ಎಕ್ಸ್‌ರೇ ನೆರಳಿನಲ್ಲಿ ತುದಿ ಕುಣಿಕೆಯೊಳಗೇ ಇದ್ದಂತೆ ಕಂಡಿತು, ಬಿಗಿದರೆ ಖಾಲಿ. ನೆರಳಿಗೆ ಆಳವಿಲ್ಲವಲ್ಲ, ಮುಂದಿದೆಯೋ ಹಿಂದಿದೆಯೋ ತಿಳಿಯದು. ಯಂತ್ರದ ಕೈ ತಿರುಗಿಸಿ ಓರೆಯಿಂದ ನೋಡಿದರೆ ಎರಡರ ನಡುವೆ ಒಂದು ಬೆರಳು ಅಂತರ. ಎರಡನೇ ಸಲವೂ ತಪ್ಪಿತು. ಮೂರನೇ ಸಲ ತುದಿ ತಾನಾಗಿ ಕುಣಿಕೆಯೊಳಗೆ ಇಣುಕಿತು. ಇಲ್ಲಿ ಹೊಸಬರು ಮಾಡುವ ತಪ್ಪು ಕುಣಿಕೆಯನ್ನು ಹಿಂದಕ್ಕೆ ಎಳೆಯುವುದು. ಎಳೆದರೆ ಕುಣಿಕೆ ಜಾಗ ಬಿಟ್ಟು ಕದಲುತ್ತದೆ, ಮೀನು ಹೋಯಿತು. ಕುಣಿಕೆಯನ್ನು ಇದ್ದಲ್ಲೇ ಹಿಡಿದು, ಹೊರಗಿನ ಕೊಳವೆಯನ್ನು ಮುಂದಕ್ಕೆ ತಳ್ಳಿ ಬಿಗಿಯಬೇಕು. ಬಿಗಿದೆ. ಸ್ವಲ್ಪ ಆಡಿಸಿದೆ, ತುಂಡೂ ಆಡಿತು. ಅಜ್ಜಿಯ ಹಗ್ಗ ನೆನಪಾಯಿತು.

ಇಳಿಸುವಾಗ ಹೃದಯ ನಾಲ್ಕೈದು ಬಡಿತ ತಾಳ ತಪ್ಪಿತು, ಮಾನಿಟರ್ ನೋಡುತ್ತಿದ್ದವರು "ಸರ್, ಎಕ್ಟೋಪಿಕ್ಸ್" ಅಂದರು. ಅದು ನಿರೀಕ್ಷಿತ. ತುಂಡು ಹೊಟ್ಟೆಯ ದೊಡ್ಡ ನಾಳಕ್ಕೆ ಬಂದೊಡನೆ ತಾಳ ಸರಿಹೋಯಿತು. ತೊಡೆಯಿಂದ ಹೊರಗೆ ಬಂದಾಗ ಒಟ್ಟು ನಲವತ್ತು ನಿಮಿಷ. ಡಬ್ಬಿಯನ್ನೂ ಅಂದೇ ತೆಗೆದೆವು. ಆಮೇಲಿನ ಕೆಲಸ ಯಾರಿಗೂ ರೋಚಕವಲ್ಲ, ನನಗೆ ಬಹಳ ಮುಖ್ಯ: ಡಬ್ಬಿಯ ಕಡೆ ಉಳಿದಿದ್ದ ಚೂರನ್ನೂ ಹೊರಬಂದ ತುಂಡನ್ನೂ ಸ್ಕೇಲಿನ ಪಕ್ಕ ಜೋಡಿಸಿ ಅಳೆಯುವುದು. ಕತ್ತರಿಸಿದ ಎರಡು ಬಾಯಿ ಒಂದಕ್ಕೊಂದು ಕೂಡಬೇಕು, ಉದ್ದ ಹಳೆಯ ಚೀಟಿಯಲ್ಲಿ ಬರೆದದ್ದಕ್ಕೆ ತಾಳೆಯಾಗಬೇಕು. ಕೂಡದಿದ್ದರೆ ಇನ್ನೊಂದು ಚೂರು ಒಳಗಿದೆ.

ಆಕೆಗೆ ಎಚ್ಚರವೇ ಇತ್ತು. ಬಟ್ಟಲಿನಲ್ಲಿ ತೋರಿಸಿದೆ. "ಇದಾ ಸಾರ್, ಶಾವಿಗೆ ಎಳೆ ಇದ್ದಂಗೈತಲ್ಲ" ಅಂದರು. ಹೊರಗೆ ಅವರ ಮೈದುನ ಕಾಯುತ್ತಿದ್ದರು.

"ಹೊಲಿಗೆ ಎಷ್ಟು ಹಾಕಿದ್ರಿ ಸಾರ್?"

"ಹೃದಯದ ಕೆಲಸಕ್ಕೆ ಹೊಲಿಗೆ ಇಲ್ಲ. ಎದೆ ಮೇಲೆ ಡಬ್ಬಿ ತೆಗೆದ ಕಡೆ ಮೂರು."

"ಅಂಗಾರೆ ಬಿಲ್ಲು ಯಾಕೆ ಇಷ್ಟ್ ಉದ್ದ?"

ಒಮ್ಮೆ ಬಳಸಿ ಎಸೆಯುವ ಆಮದಿನ ಕುಣಿಕೆಯ ಲೆಕ್ಕವನ್ನು ಅವರಿಗೆ ಒಪ್ಪಿಸಲು ನನ್ನಿಂದ ಆಗಲಿಲ್ಲ. ಶಾನುಭೋಗರ ಗರಡಿಗೆ ಚೊಂಬು ಒತ್ತೆಯಿಟ್ಟರೆ ಸಾಕಿತ್ತು.

ಎಲ್ಲವೂ ಹೀಗೆ ಸಲೀಸಾಗಿ ಬರುವುದಿಲ್ಲ. ಎರಡು ತುದಿಯೂ ಗೋಡೆಗೆ ಒತ್ತಿಕೊಂಡಿದ್ದರೆ ಕುಣಿಕೆಗೆ ಹಿಡಿಯಲು ತುದಿಯೇ ಸಿಗದು. ಆಗ ಹಂದಿಬಾಲದಂತೆ ಸುರುಳಿಯಾದ ಕೊಳವೆಯನ್ನು ತುಂಡಿನ ನಡುವಿಗೆ ಸುತ್ತಿ ಕೆಳಗೆ ಜಗ್ಗಿ, ತುದಿ ಬಿಡಿಸಿಕೊಂಡು, ಆಮೇಲೆ ಕುಣಿಕೆ. ಮೂತ್ರದ ಕಲ್ಲು ಹಿಡಿಯಲು ಇಟಲಿಯ ಡಾರ್ಮಿಯಾ ಮಾಡಿದ ತಂತಿಬುಟ್ಟಿಯನ್ನೂ ಬಳಸಿದ್ದೇವೆ. ವರ್ಷಗಟ್ಟಲೆ ಇದ್ದು ನಾಳದ ಗೋಡೆಯೇ ಮೇಲೆ ಬೆಳೆದುಬಿಟ್ಟಿದ್ದರೆ, ತೊಂದರೆಯೂ ಇಲ್ಲದಿದ್ದರೆ, ಬಿಟ್ಟುಬಿಡುವುದೇ ವಿವೇಕ. ಬಿಟ್ಟದ್ದನ್ನು ಬರೆದಿಡಬೇಕು, ಆಗಾಗ ನೋಡಬೇಕು. ಅಪಧಮನಿಗಳಲ್ಲಿ, ಅದರಲ್ಲೂ ಹೃದಯದ ಸ್ವಂತ ನಾಳದಲ್ಲಿ ಬಲೂನಿನಿಂದ ಜಾರಿದ ಸ್ಟೆಂಟ್ ಹಿಡಿಯುವುದು ಇದಕ್ಕಿಂತ ಬಹಳ ನಾಜೂಕು. ಅದು ಹೃದ್ರೋಗ ತಜ್ಞರ ಕ್ಷೇತ್ರ, ನಾನು ಕೈ ಹಾಕುವುದಿಲ್ಲ.

ಬೇಕೆಂದೇ ಇಟ್ಟು ಮರೆತುಬಿಡುವ ವಸ್ತುಗಳೂ ಇವೆ. ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೋಗದಂತೆ ಹೊಟ್ಟೆಯ ಮಹಾಸಿರೆಯಲ್ಲಿ ಇಡುವ ಜಾಳಿಗೆ, ಫಿಲ್ಟರ್. 1973ರಲ್ಲಿ ಗ್ರೀನ್‌ಫೀಲ್ಡ್ ಎಂಬ ಸರ್ಜನ್ ತೈಲ ಉದ್ಯಮದ ಇಂಜಿನಿಯರ್ ಕಿಮ್ಮೆಲ್ ಜೊತೆ ಸೇರಿ ಮಾಡಿದ ಶಂಕುವಿನಾಕಾರದ ಫಿಲ್ಟರಿನಿಂದ ಈ ಪದ್ಧತಿ ಹರಡಿತು. ಈಚಿನವಕ್ಕೆ ತಲೆಯ ಮೇಲೆ ಕೊಕ್ಕೆ ಇರುತ್ತದೆ, ಕೆಲಸ ಮುಗಿದ ಮೇಲೆ ಕುಣಿಕೆ ಹಾಕಿ ತೆಗೆಯಲೆಂದೇ. ಆದರೆ ತೆಗೆಯುವವರು ಕಡಿಮೆ. ಫಿಲ್ಟರಿನ ಕಾಲು ಮುರಿದು ಹೃದಯಕ್ಕೆ ಹೋದದ್ದೂ ಇದೆ. 2010ರ ಆಗಸ್ಟಿನಲ್ಲಿ ಅಮೆರಿಕದ ಔಷಧ-ಸಲಕರಣೆ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಅಗತ್ಯ ಮುಗಿದೊಡನೆ ತೆಗೆಯುವುದನ್ನು ಯೋಚಿಸಿ ಎಂದು ವೈದ್ಯರಿಗೆ ಸೂಚನೆ ಕೊಡಬೇಕಾಯಿತು.

ಕೊನೆಗೆ, ಈ ಕೆಲಸದಲ್ಲಿ ನನಗೆ ಕಷ್ಟವೆನಿಸುವುದು ಕುಣಿಕೆ ಹಾಕುವುದಲ್ಲ, ಮೊದಲು ಮಂಚದ ಪಕ್ಕ ಕೂತು "ಒಳಗೆ ಒಂದು ತುಂಡು ಉಳಿದಿದೆ" ಎಂದು ಹೇಳುವುದು. ತಂತಿ ಬಿಟ್ಟವರು ಬೇರೆ ಯಾರೋ ಆಗಿದ್ದಾಗಲೂ ಕಷ್ಟ. 'ಸಣ್ಣ ಪ್ರೊಸೀಜರ್ ಇದೆ' ಎಂದು ತೇಲಿಸಿ ಸಹಿ ಹಾಕಿಸಿಕೊಳ್ಳುವುದನ್ನು ನಾನು ಕಂಡಿದ್ದೇನೆ, ಎಳೆಯವನಿದ್ದಾಗ ಪಕ್ಕದಲ್ಲಿ ಸುಮ್ಮನೆ ನಿಂತಿದ್ದೇನೆ. ಈಗ ಎಕ್ಸ್‌ರೇ ಎತ್ತಿ ಹಿಡಿದು ತೋರಿಸುತ್ತೇನೆ. ಇಷ್ಟು ವರ್ಷದಲ್ಲಿ ಜಗಳ ಆಡಿದವರು ಇಬ್ಬರೋ ಮೂವರೋ. ಉಳಿದವರು ಕೇಳಿದ್ದು, "ತೆಗೀಬಹುದಲ್ಲ?" ಎಂದಷ್ಟೇ.

ನಿಮ್ಮಲ್ಲಿ ಒಂದು ಕೋರಿಕೆ. ಮನೆಯಲ್ಲಿ ಯಾರಿಗಾದರೂ ಪೋರ್ಟ್ ಅಥವಾ ಫಿಲ್ಟರ್ ಹಾಕಿದ್ದರೆ, ಯಾವತ್ತು ಹಾಕಿದ್ದು, ಯಾವ ನರದಿಂದ, ಎಷ್ಟು ಉದ್ದ, ಯಾವಾಗ ತೆಗೆಯುವುದು ಎಂದು ಬರೆಸಿಕೊಳ್ಳಿ. ಚಿಕಿತ್ಸೆ ಮುಗಿದ ದಿನವೇ ತೆಗೆಯುವ ಮಾತು ಎತ್ತಿ. ಇರಲಿ ಅಂದರೆ ಯಾಕೆ ಇರಲಿ, ಎಷ್ಟು ದಿನಕ್ಕೊಮ್ಮೆ ಫ್ಲಶ್ ಮಾಡಿಸಬೇಕು ಎಂದು ಕೇಳಿ. ಫ್ಲಶ್ ಮಾಡುವಾಗ ಉರಿ, ನೋವು ಬಂದರೆ ಅಲ್ಲೇ ನಿಲ್ಲಿಸಲು ಹೇಳಿ, ಎಕ್ಸ್‌ರೇ ತೆಗೆಸಿ. ಆ ಚೀಟಿಯನ್ನು ರೇಷನ್ ಕಾರ್ಡಿನ ಜೊತೆಯೇ ಇಡಿ.